ಯಾವುದಕ್ಕಿಂತ? – ಎಣ್ಣೆ, ಇಲಿ ಮತ್ತು ದೊಡ್ಡ ಕರುಳಿನ ಕ್ಯಾನ್ಸರಿನ ಕಥೆ

ಕಳೆದ ಶ್ರಾವಣದಲ್ಲಿ ನಮ್ಮ ಮಹಿಳಾ ವಿಭಾಗದವರು ಚಟ್ನಿಪುಡಿ ಸ್ಪರ್ಧೆ ಇಟ್ಟಿದ್ದರು. ಶೇಂಗಾ, ಗುರೆಳ್ಳು, ಪುಟಾಣಿ, ಕರಿಬೇವು ಎಂದು ಹದಿನೇಳು ಡಬ್ಬಿಗಳು ಬಂದಿದ್ದವು. ಅದರಲ್ಲಿ ಐದು ಅಗಸಿ ಚಟ್ನಿ! ವಿಜಾಪುರ, ಬಾಗಲಕೋಟೆ ಕಡೆಯವರಿಗೆ ಅದು ಅಜ್ಜಿಯ ಕಾಲದ್ದು. ಆದರೆ ಈಗ ನಮ್ಮ ಉಡುಪಿ, ಕುಂದಾಪುರ ಕಡೆಯವರೂ ಅಗಸೆ ಹುರಿಯಲು ಕಲಿತಿದ್ದಾರೆ. ಒಬ್ಬರು ತಮ್ಮ ಡಬ್ಬಿಯ ಮೇಲೆ ಚೀಟಿ ಅಂಟಿಸಿದ್ದರು: "ಒಮೇಗಾ-3 ಇದೆ. ಕರುಳಿನ ಕ್ಯಾನ್ಸರ್ ತಡೆಯುತ್ತದೆ ಎಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ." ಚಟ್ನಿ ಚೆನ್ನಾಗಿತ್ತು, ಬಹುಮಾನವೂ ಬಂತು. ನಾನು ಮಾತ್ರ ಆ ಚೀಟಿಯಲ್ಲೇ ಸಿಕ್ಕಿಕೊಂಡೆ. ಯಾವ ವಿಜ್ಞಾನಿಗಳು? ಯಾವಾಗ? ಯಾರ ಕರುಳಿನಲ್ಲಿ?

ಮೂವತ್ತು ವರ್ಷ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರ ಪಾಠ ಹೇಳಿದವಳಿಗೆ ಇಂಥ ಪ್ರಶ್ನೆಗಳು ಚಟದಂತೆ. ಆದರೆ ಇದು ನನಗೆ ಬರೀ ಕುತೂಹಲದ ವಿಷಯವಲ್ಲ. ಅದು ಯಾಕೆಂದು ಮುಂದೆ ಹೇಳುತ್ತೇನೆ. ಮೂರನೆಯ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಬಹುಪಾಲು ಇಲಿಗಳ ಕರುಳಿನಲ್ಲಿ. ಆ ಇಲಿಗಳ ಕಥೆ ಸುಮಾರು ನೂರು ವರ್ಷದ್ದು. ಅದರೊಳಗೆ ನಾವು ನಿರೀಕ್ಷಿಸುವುದಕ್ಕಿಂತ ಹೆಚ್ಚು ಹೆಂಗಸರಿದ್ದಾರೆ.

ಮೊದಲನೆಯವಳು ಮಿಲ್ಡ್ರೆಡ್ ಬರ್. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಗಂಡ ಜಾರ್ಜ್ ಬರ್ ಜೊತೆ ಕೆಲಸ ಮಾಡುತ್ತಿದ್ದಳು. ಎಣ್ಣೆ-ತುಪ್ಪ ಎಂದರೆ ಬರೀ ಶಕ್ತಿಗಾಗಿ, ಅದಿಲ್ಲದಿದ್ದರೂ ದೇಹ ಸಕ್ಕರೆ, ಪಿಷ್ಟದಿಂದ ಕೊಬ್ಬು ಮಾಡಿಕೊಳ್ಳುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಈ ದಂಪತಿ ಇಲಿಗಳಿಗೆ ಕೊಬ್ಬಿನ ಒಂದು ಅಂಶವೂ ಇಲ್ಲದಂತೆ ಶುದ್ಧ ಮಾಡಿದ ಆಹಾರ ಕೊಟ್ಟರು. ಕೆಲವು ತಿಂಗಳಲ್ಲಿ ಇಲಿಗಳ ಬಾಲ ಹೊಪ್ಪಳೆ ಎದ್ದಿತು, ಬೆಳವಣಿಗೆ ನಿಂತಿತು, ಮೂತ್ರಪಿಂಡ ಕೆಟ್ಟಿತು. ದಿನಕ್ಕೆ ಕೆಲವೇ ಹನಿ ಕೊಬ್ಬು ಕೊಟ್ಟರೆ ಚೇತರಿಸಿಕೊಂಡವು. 1929 ಮತ್ತು 1930ರಲ್ಲಿ ಪ್ರಕಟವಾದ ಅವರ ಲೇಖನಗಳಿಂದ ಲಿನೋಲಿಯಿಕ್ ಆಮ್ಲ 'ಅವಶ್ಯ ಕೊಬ್ಬಿನ ಆಮ್ಲ' ಎನಿಸಿಕೊಂಡಿತು. ದೇಹ ತಾನೇ ತಯಾರಿಸಲಾರದ್ದು, ತಿಂದೇ ಪಡೆಯಬೇಕಾದದ್ದು ಎಂದರ್ಥ. ಆಗಿನ ದೊಡ್ಡವರು ಅನೇಕರು ಇದನ್ನು ಒಪ್ಪಲಿಲ್ಲ. ಒಪ್ಪಲು ವರ್ಷಗಳೇ ಬೇಕಾದವು.

ಇಲ್ಲಿ ಎರಡು ಮಾತು ಪಾಠದ್ದು, ಬೇಸರಿಸಬೇಡಿ. ಎಣ್ಣೆ ಯಾವುದಾದರೂ ಅದು ಕೊಬ್ಬಿನ ಆಮ್ಲಗಳ ಮಿಶ್ರಣ. ಕೊಬ್ಬರಿ ಎಣ್ಣೆಯಲ್ಲಿ, ತುಪ್ಪದಲ್ಲಿ ಹೆಚ್ಚಿರುವುದು ಸ್ಯಾಚುರೇಟೆಡ್ ಆಮ್ಲಗಳು. ಆಲಿವ್ ಎಣ್ಣೆಯಲ್ಲಿ ಒಲಿಯಿಕ್ ಆಮ್ಲ. ಕುಸುಬೆ ಎಣ್ಣೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮತ್ತು ಮೆಕ್ಕೆಜೋಳದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲಿಯಿಕ್ ಆಮ್ಲ. ಅದು ಒಮೇಗಾ-6 ಗುಂಪಿನದು. ಅಗಸೆ ಎಣ್ಣೆಯಲ್ಲಿ ಅರ್ಧದಷ್ಟು ಆಲ್ಫಾ ಲಿನೋಲೆನಿಕ್ ಆಮ್ಲ, ಅದು ಒಮೇಗಾ-3. ಬಂಗುಡೆ, ಬೂತಾಯಿಯಂಥ ಮೀನಿನ ಎಣ್ಣೆಯಲ್ಲಿರುವುದೂ ಒಮೇಗಾ-3, ಆದರೆ ಇನ್ನೂ ಉದ್ದನೆಯ ಸರಪಳಿಯದು: ಇಪಿಎ ಮತ್ತು ಡಿಎಚ್‌ಎ. ಅಗಸೆಯದ್ದನ್ನು ಮೀನಿನದ್ದಾಗಿ ಬದಲಿಸಿಕೊಳ್ಳುವ ಶಕ್ತಿ ನಮ್ಮ ದೇಹಕ್ಕೆ ಸ್ವಲ್ಪವೇ ಇದೆ. ಪಾಠ ಮುಗಿಯಿತು.

ಕೊಬ್ಬಿಗೂ ಕ್ಯಾನ್ಸರಿಗೂ ಗಂಟು ಹಾಕಿದವರಲ್ಲಿ ಮುಖ್ಯನಾದವನು ಷಿಕಾಗೋದ ಮೈಕೇಲ್ ರೀಸ್ ಆಸ್ಪತ್ರೆಯ ಆಲ್ಬರ್ಟ್ ಟ್ಯಾನನ್‌ಬಾಮ್. 1940ರ ದಶಕದ ಆರಂಭದಲ್ಲಿ ಚಿಕ್ಕ ಇಲಿಗಳ ಮೇಲೆ ಪ್ರಯೋಗ ಮಾಡಿ, ಕೊಬ್ಬು ಹೆಚ್ಚಾದರೆ ಕೆಲವು ಬಗೆಯ ಗೆಡ್ಡೆ ಹೆಚ್ಚುತ್ತದೆ, ಒಟ್ಟು ಊಟವನ್ನೇ ಕಡಿಮೆ ಮಾಡಿದರೆ ಗೆಡ್ಡೆ ಕಡಿಮೆಯಾಗುತ್ತದೆ ಎಂದು ತೋರಿಸಿದ. ತಪ್ಪು ಎಣ್ಣೆಯದ್ದೋ, ಎಣ್ಣೆ ತರುವ ಕ್ಯಾಲರಿಯದ್ದೋ ಎಂಬ ಜಗಳ ಅಂದೇ ಶುರುವಾಯಿತು. ಇನ್ನೂ ಪೂರ್ತಿ ಮುಗಿದಿಲ್ಲ. ಆದರೆ ಆ ಗೆಡ್ಡೆಗಳು ಚರ್ಮದವು, ಸ್ತನದವು. ದೊಡ್ಡ ಕರುಳಿನ ಕ್ಯಾನ್ಸರನ್ನು ಇಲಿಯಲ್ಲಿ ನಂಬಿಕೆಯಿಂದ ಬರಿಸುವ ವಿಧಾನ ಆಗ ಯಾರ ಕೈಯಲ್ಲೂ ಇರಲಿಲ್ಲ. ಅದು ಸಿಕ್ಕಿದ್ದು ಒಂದು ದ್ವೀಪದ ಅಡುಗೆಮನೆಯಿಂದ. ನನಗೆ ಈ ಚರಿತ್ರೆಯಲ್ಲಿ ತುಂಬ ಇಷ್ಟವಾದ ಭಾಗ ಇದೇ.

ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಚಮೋರೊ ಎಂಬ ಜನ. ಅವರಲ್ಲಿ ಕೈಕಾಲು ಸೋತು, ಮಾತು ನಿಂತು ಸಾಯುವ ಒಂದು ನರರೋಗ ವಿಪರೀತವಾಗಿತ್ತು. ಇದರ ಕಾರಣ ಆಹಾರದಲ್ಲಿ ಇದೆಯೇ ಎಂದು ನೋಡಲು 1954ರಲ್ಲಿ ಮಾರ್ಜರಿ ವೈಟಿಂಗ್ ಎಂಬ ಪೋಷಣಾ ತಜ್ಞೆ ಅಲ್ಲಿಗೆ ಹೋದಳು. ಮನೆಮನೆಗೆ ಹೋಗಿ ಹೆಂಗಸರು ಏನು ಬೇಯಿಸುತ್ತಾರೆ, ಹೇಗೆ ಬೇಯಿಸುತ್ತಾರೆ ಎಂದು ಬರೆದುಕೊಂಡಳು. ಅವರು ಸೈಕಸ್ ಎಂಬ, ತಾಳೆಯಂತೆ ಕಾಣುವ ಗಿಡದ ಬೀಜದಿಂದ ಹಿಟ್ಟು ಮಾಡಿ ರೊಟ್ಟಿ ತಟ್ಟುತ್ತಿದ್ದರು. ಆ ಬೀಜ ವಿಷ. ಅದು ಚಮೋರೊ ಹೆಂಗಸರಿಗೆ ಚೆನ್ನಾಗಿ ಗೊತ್ತಿತ್ತು. ಒಡೆದು, ಹೋಳು ಮಾಡಿ, ದಿನಗಟ್ಟಲೆ ನೀರಿನಲ್ಲಿ ನೆನೆಹಾಕಿ, ಮತ್ತೆ ಮತ್ತೆ ನೀರು ಚೆಲ್ಲಿ ಹೊಸ ನೀರು ಹಾಕಿ, ಆಮೇಲೆ ಒಣಗಿಸಿ ಬೀಸುತ್ತಿದ್ದರು. ವಿಷ ನೀರಿಗೆ ಹೋಗುತ್ತದೆ ಎಂಬುದು ಅವರು ಯಾವ ಪುಸ್ತಕದಲ್ಲೂ ಓದಿದ್ದಲ್ಲ.

ಆಗ ಆ ಗಿಡಕ್ಕೆ ವಿಜ್ಞಾನಿಗಳು ಕೊಟ್ಟಿದ್ದ ಹೆಸರು ಸೈಕಸ್ ಸರ್ಸಿನಾಲಿಸ್. ಅಸಲಿಗೆ ಆ ಹೆಸರಿನ ಗಿಡ ನಮ್ಮ ಪಶ್ಚಿಮ ಘಟ್ಟದ್ದು. ಗುವಾಮಿನದು ಬೇರೆ ಜಾತಿ ಎಂದು ಹೊಸ ಹೆಸರು ಕೊಟ್ಟದ್ದು ಬಹಳ ಕಾಲದ ಮೇಲೆ. ಮಲಬಾರಿನ ಕಡೆ ಇದನ್ನು ಈಂತ್ ಎನ್ನುತ್ತಾರೆ. ಅಲ್ಲಿಯ ಹೆಂಗಸರೂ ಬೀಜವನ್ನು ಒಡೆದು, ಒಣಗಿಸಿ, ತೊಳೆದು ಹಿಟ್ಟು ಮಾಡಿ 'ಪಿಡಿ' ಎಂಬ ತಿಂಡಿ ಮಾಡುತ್ತಾರೆ. ಸಾವಿರಾರು ಮೈಲಿ ದೂರದ ಎರಡು ಅಡುಗೆಮನೆಗಳು ಒಂದೇ ಜಾಣತನವನ್ನು ಬೇರೆ ಬೇರೆಯಾಗಿ ಕಂಡುಕೊಂಡಿವೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಗರ್ಟ್ ಲಾಕರ್ ಎಂಬ ವೈದ್ಯ ಈ ಬೀಜದ ಹಿಟ್ಟನ್ನು ಇಲಿಗಳಿಗೆ ತಿನ್ನಿಸಿದ. ಹುಡುಕುತ್ತಿದ್ದದ್ದು ನರರೋಗವನ್ನು, ಸಿಕ್ಕಿದ್ದು ಕ್ಯಾನ್ಸರ್. ಯಕೃತ್ತು, ಮೂತ್ರಪಿಂಡದಲ್ಲಿ ಮತ್ತು ಮುಂದಿನ ಪ್ರಯೋಗಗಳಲ್ಲಿ ದೊಡ್ಡ ಕರುಳಿನಲ್ಲೂ ಗೆಡ್ಡೆಗಳು. 1963ರ ಆ ವರದಿಯಲ್ಲಿ ಲಾಕರ್ ಜೊತೆ ವೈಟಿಂಗ್ ಹೆಸರೂ ಇದೆ. ಬೀಜದಲ್ಲಿದ್ದ ವಸ್ತು ಸೈಕಾಸಿನ್. ಇದರಲ್ಲಿ ಇನ್ನೊಂದು ವಿಚಿತ್ರ ಗೊತ್ತಾಯಿತು: ಹೊಟ್ಟೆಯಲ್ಲಿ ಒಂದೂ ಬ್ಯಾಕ್ಟೀರಿಯಾ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಸೈಕಾಸಿನ್ ತಿನ್ನಿಸಿದರೆ ಏನೂ ಆಗುತ್ತಿರಲಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳೇ ಅದರ ಸಕ್ಕರೆಯ ತುಂಡನ್ನು ಕತ್ತರಿಸಿ ಒಳಗಿನ ವಿಷವನ್ನು ಬಿಡುಗಡೆ ಮಾಡುತ್ತಿದ್ದವು. ಕರುಳಿನ ಜೀವಾಣುಗಳ ಬಗ್ಗೆ ಈಗ ದಿನಕ್ಕೊಂದು ಸುದ್ದಿ ಬರುತ್ತದಲ್ಲ, ಅದಕ್ಕೆ ಅರವತ್ತು ವರ್ಷದ ಹಿಂದಿನ ಪೀಠಿಕೆ ಇದು.

ಜರ್ಮನಿಯ ಫ್ರೈಬುರ್ಗಿನಲ್ಲಿ ಹರ್ಮನ್ ಡ್ರಕ್ರೆ ಸೈಕಾಸಿನ್‌ನ ರಚನೆಗೆ ಹತ್ತಿರವಾದ ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿ, 1967ರಲ್ಲಿ ಡೈಮೀಥೈಲ್ ಹೈಡ್ರಜೀನ್ ಇಲಿಗಳ ದೊಡ್ಡ ಕರುಳನ್ನೇ ಆರಿಸಿ ಹಿಡಿಯುತ್ತದೆ ಎಂದು ತೋರಿಸಿದ. ಅದರ ಹಿಂದೆಯೇ ಅಜೋಕ್ಸಿಮೀಥೇನ್ ಬಂತು. ಇನ್ನು ವಾರಕ್ಕೊಂದರಂತೆ ಒಂದೆರಡು ಚುಚ್ಚುಮದ್ದು ಕೊಟ್ಟು, ಏಳೆಂಟು ತಿಂಗಳು ಕಾದರೆ ಸಾಕು, ಇಲಿಯ ಕರುಳಿನಲ್ಲಿ ಮನುಷ್ಯರ ಗೆಡ್ಡೆಯನ್ನು ಹೋಲುವ ಗೆಡ್ಡೆ. ಆ ಏಳೆಂಟು ತಿಂಗಳು ಯಾವ ಎಣ್ಣೆ ತಿನ್ನಿಸಿದರೆ ಗೆಡ್ಡೆ ಹೆಚ್ಚು, ಯಾವುದಕ್ಕೆ ಕಡಿಮೆ ಎಂದು ಲೆಕ್ಕ ಹಾಕಬಹುದು.

ಯಾವ ಇಲಿ ಎಂಬುದೂ ಮುಖ್ಯ. ಒಂದೊಂದು ಇಲಿಯ ಮೈಗುಣ ಒಂದೊಂದಾದರೆ ವ್ಯತ್ಯಾಸ ಎಣ್ಣೆಯದೋ ವಂಶದ್ದೋ ತಿಳಿಯುವುದಿಲ್ಲ. ಈ ಪ್ರಯೋಗಗಳಲ್ಲಿ ಪದೇ ಪದೇ ಬರುವ ಹೆಸರು ಎಫ್-344 ಅಥವಾ ಫಿಷರ್-344. ಆ ತಳಿಯನ್ನು 1920ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಯಾನ್ಸರ್ ಸಂಸ್ಥೆಯಲ್ಲಿ ಶುರು ಮಾಡಿದವಳು ಮೇನಿ ಕರ್ಟಿಸ್. ಇಲಿ ಮಾರುವ ಫಿಷರ್ ಎಂಬವನಿಂದ ಕೊಂಡ ಇಲಿಗಳು. ಅವುಗಳಲ್ಲಿ 344ನೆಯ ಜೋಡಿಯ ಸಂತಾನ. ಅಣ್ಣ-ತಂಗಿ ಇಲಿಗಳನ್ನೇ ತಲೆಮಾರುಗಟ್ಟಲೆ ಜೋಡಿ ಮಾಡಿ ಎಲ್ಲವೂ ಒಂದೇ ಅಚ್ಚಿನಂತೆ ಆಗುವವರೆಗೆ ಕಾಪಾಡಿದಳು. ಇಲಿ ಮಾರಿದವನ ಹೆಸರು ಪ್ರಪಂಚದ ಎಲ್ಲ ಪ್ರಯೋಗಾಲಯಗಳಲ್ಲೂ ಉಳಿಯಿತು, ಸಾಕಿದವಳದ್ದು ಉಳಿಯಲಿಲ್ಲ. ನಮಗೇನು ಇದು ಹೊಸತೇ!

ಇನ್ನು ಎಣ್ಣೆಗೆ ಬರೋಣ. 1970ರ ಹೊತ್ತಿಗೆ ಜನರ ಲೆಕ್ಕಗಳೂ ಒಂದು ಕಡೆ ಕೈ ತೋರಿಸುತ್ತಿದ್ದವು. ಜಪಾನಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಆಗ ಕಡಿಮೆ. ಅಲ್ಲಿಂದ ಹವಾಯಿಗೆ ಹೋಗಿ ನೆಲೆಸಿದವರಲ್ಲಿ ಹೆಚ್ಚು. ರಕ್ತ ಅದೇ, ಊಟ ಬೇರೆ. 1975ರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಡಾಲ್ ದೇಶ ದೇಶಗಳ ಲೆಕ್ಕ ಜೋಡಿಸಿ, ಮಾಂಸ ಮತ್ತು ಕೊಬ್ಬು ಹೆಚ್ಚು ತಿನ್ನುವಲ್ಲಿ ಈ ಕ್ಯಾನ್ಸರ್ ಹೆಚ್ಚು ಎಂದು ತೋರಿಸಿದರು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧ ತೋರಿಸಿ ಹೆಸರಾದ ಅರ್ನ್‌ಸ್ಟ್ ವಿಂಡರ್ ನ್ಯೂಯಾರ್ಕಿನಲ್ಲಿ ಅಮೆರಿಕನ್ ಹೆಲ್ತ್ ಫೌಂಡೇಷನ್ ಕಟ್ಟಿದ್ದ. ಅಲ್ಲಿ ಈ ಇಲಿ-ಎಣ್ಣೆಯ ಕೆಲಸವನ್ನು ದಶಕಗಟ್ಟಲೆ ಮುನ್ನಡೆಸಿದವರು ಭಾರತದಿಂದ ಹೋದ ಬಂದಾರು ರೆಡ್ಡಿ.

ರೆಡ್ಡಿಯವರ 1984ರ ಒಂದು ಪ್ರಯೋಗವನ್ನು ನಾನು ಕ್ಲಾಸಿನಲ್ಲಿ ವರ್ಷ ವರ್ಷ ಹೇಳುತ್ತಿದ್ದೆ. ಹೆಣ್ಣು ಫಿಷರ್ ಇಲಿಗಳು. ಕೆಲವಕ್ಕೆ ಆಹಾರದಲ್ಲಿ ನೂರಕ್ಕೆ 5 ಗ್ರಾಂ ಎಣ್ಣೆ, ಕೆಲವಕ್ಕೆ 23.5 ಗ್ರಾಂ. ಎಣ್ಣೆಗಳು ನಮಗೆ ಗೊತ್ತಿದ್ದವೇ: ಮೆಕ್ಕೆಜೋಳ, ಕುಸುಬೆ, ಆಲಿವ್, ಕೊಬ್ಬರಿ. ಮೆಕ್ಕೆಜೋಳದ ಎಣ್ಣೆ, ಕುಸುಬೆ ಎಣ್ಣೆ ಹೆಚ್ಚು ತಿಂದ ಇಲಿಗಳಲ್ಲಿ ಗೆಡ್ಡೆ ಹೆಚ್ಚಾಯಿತು. ಆಲಿವ್, ಕೊಬ್ಬರಿ ಎಣ್ಣೆ ಅಷ್ಟೇ ತಿಂದರೂ ಹೆಚ್ಚಾಗಲಿಲ್ಲ. ಹೃದಯಕ್ಕೆ ಒಳ್ಳೆಯದೆಂದು ನಮ್ಮಲ್ಲಿ ಕುಸುಬೆ ಎಣ್ಣೆಯ ಜಾಹೀರಾತು ಮೊಳಗುತ್ತಿದ್ದ, ಕೊಬ್ಬರಿ ಎಣ್ಣೆ ಎಂದರೆ ಡಾಕ್ಟರುಗಳು ಹುಬ್ಬು ಗಂಟಿಕ್ಕುತ್ತಿದ್ದ ದಿನಗಳು ಅವು. ಮಂಗಳೂರಿನ ಹುಡುಗಿಯರು ಇದನ್ನು ಕೇಳಿ ಚಪ್ಪಾಳೆ ತಟ್ಟುತ್ತಿದ್ದರು, ಸೊಲ್ಲಾಪುರ ಕಡೆಯವರು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಒಂದು ಅಂಗಕ್ಕೆ ಹಿತವಾದದ್ದು ಇನ್ನೊಂದಕ್ಕೆ ಹಿತವಾಗಿರಬೇಕೆಂದಿಲ್ಲ ಎಂದಷ್ಟೇ ನಾನು ಹೇಳುತ್ತಿದ್ದದ್ದು.

ಎರಡು ವರ್ಷದ ಮೇಲೆ, 1986ರಲ್ಲಿ, ಮೀನೆಣ್ಣೆಯ ಸರದಿ. ಗ್ರೀನ್‌ಲ್ಯಾಂಡಿನ ಎಸ್ಕಿಮೊ ಜನ ಸದಾ ಮೀನು, ಸೀಲ್ ತಿಂದೂ ಹೃದ್ರೋಗ ಕಡಿಮೆ ಇರುವವರು ಎಂದು ಡೆನ್ಮಾರ್ಕಿನ ಬಾಂಗ್ ಮತ್ತು ಡೈಯರ್‌ಬರ್ಗ್ 1970ರ ದಶಕದಲ್ಲಿ ಬರೆದ ಮೇಲೆ ಒಮೇಗಾ-3ಗೆ ಎಲ್ಲ ಕಡೆ ಬೆಲೆ ಬಂದಿತ್ತು. ರೆಡ್ಡಿ ಬಳಸಿದ್ದು ಮೆನ್‌ಹೇಡನ್ ಎಂಬ ಅಮೆರಿಕದ ಮೀನಿನ ಎಣ್ಣೆ. ಅದು ನಮ್ಮ ಬೂತಾಯಿಯ ದೂರದ ನೆಂಟ. ಒಂದು ಗುಂಪಿಗೆ 23.5 ಭಾಗ ಮೆಕ್ಕೆಜೋಳದ ಎಣ್ಣೆ, ಇನ್ನೊಂದಕ್ಕೆ 22.5 ಭಾಗ ಮೀನೆಣ್ಣೆಯ ಜೊತೆ 1 ಭಾಗ ಮೆಕ್ಕೆಜೋಳದ ಎಣ್ಣೆ. ಮೀನೆಣ್ಣೆಯ ಗುಂಪಿನಲ್ಲಿ ಗೆಡ್ಡೆ ಸ್ಪಷ್ಟವಾಗಿ ಕಡಿಮೆ. "ಮೀನೆಣ್ಣೆ ಕರುಳಿನ ಕ್ಯಾನ್ಸರ್ ತಡೆಯುತ್ತದೆ" ಎಂಬ ಮಾತಿನ ಮುಖ್ಯ ಬೇರುಗಳಲ್ಲಿ ಇದೊಂದು.

ಈಗ ಆ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಡಿಮೆ, ಸರಿ. ಯಾವುದಕ್ಕಿಂತ? ಅಷ್ಟೇ ಪ್ರಮಾಣದ ಮೆಕ್ಕೆಜೋಳದ ಎಣ್ಣೆಗಿಂತ. ಮೆಕ್ಕೆಜೋಳದ ಎಣ್ಣೆ ಗೆಡ್ಡೆಯನ್ನು ಹೆಚ್ಚಿಸುತ್ತದೆ ಎಂದು ಮೊದಲೇ ಗೊತ್ತಿತ್ತು. ಮೀನೆಣ್ಣೆ ಹಾಗೆ ಹೆಚ್ಚಿಸಲಿಲ್ಲ. ಹೆಚ್ಚಿಸದೆ ಇರುವುದು ಮತ್ತು ತಡೆಯುವುದು, ಇವೆರಡೂ ಒಂದೇ ಅಲ್ಲ. ಕನ್ನಡದ 'ಗಿಂತ' ಎಂಬ ಎರಡಕ್ಷರದ ಪ್ರತ್ಯಯ ಪ್ರಯೋಗಾಲಯದಿಂದ ಪತ್ರಿಕೆಗೆ, ಪತ್ರಿಕೆಯಿಂದ ವಾಟ್ಸಾಪಿಗೆ, ಅಲ್ಲಿಂದ ಚಟ್ನಿಪುಡಿಯ ಡಬ್ಬಿಗೆ ಬರುವಷ್ಟರಲ್ಲಿ ಉದುರಿಹೋಗಿರುತ್ತದೆ.

ಪ್ರಮಾಣವನ್ನೂ ನೋಡಿ. ಆಹಾರದ ತೂಕದಲ್ಲಿ ಶೇ. 23.5 ಕೊಬ್ಬು ಎಂದರೆ ಕ್ಯಾಲರಿಯಲ್ಲಿ ಶೇ. 40ಕ್ಕಿಂತ ಹೆಚ್ಚು, ಆಗಿನ ಅಮೆರಿಕನ್ನರ ಊಟವನ್ನು ಅನುಸರಿಸಿದ ಲೆಕ್ಕ ಅದು. ದಿನಕ್ಕೆ 2000 ಕ್ಯಾಲರಿ ತಿನ್ನುವ ಹೆಂಗಸಿಗೆ ಅನ್ವಯಿಸಿದರೆ ಸುಮಾರು 90ರಿಂದ 100 ಗ್ರಾಂ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೀನೆಣ್ಣೆ! ಮೆಡಿಕಲ್ ಅಂಗಡಿಯಲ್ಲಿ ಸಿಗುವ ಹಳದಿ ಕ್ಯಾಪ್ಸೂಲಿನಲ್ಲಿ ಇರುವುದು ಒಂದು ಗ್ರಾಂ.

ಎಂ.ಎಸ್ಸಿ. ಓದುವಾಗ ನಾನೂ ಆರು ತಿಂಗಳು ಇಲಿಗಳಿಗೆ ಊಟ ಕಲಸಿದ್ದೇನೆ. ಕ್ಯಾನ್ಸರಿನ ಪ್ರಯೋಗವಲ್ಲ, ಶೇಂಗಾ ಎಣ್ಣೆ ಮತ್ತು ರಕ್ತದ ಕೊಲೆಸ್ಟ್ರಾಲ್ ಕುರಿತದ್ದು. ಹಾಲಿನ ಕೇಸಿನ್, ಪಿಷ್ಟ, ಸಕ್ಕರೆ, ಲವಣ, ಜೀವಸತ್ವದ ಪುಡಿ, ಅದಕ್ಕೆ ತೂಗಿ ಹಾಕಿದ ಎಣ್ಣೆ. ಕಡುಬಿನ ಹಿಟ್ಟಿನ ಹಾಗೆ ನಾದಿ ಉಂಡೆ ಕಟ್ಟಿ ಫ್ರಿಜ್ಜಿನಲ್ಲಿ ಇಡುವುದು. ಪ್ರತಿ ಬೆಳಿಗ್ಗೆ ಹಿಂದಿನ ದಿನ ಬಿಟ್ಟದ್ದನ್ನು ತೂಗಿ, ಎಷ್ಟು ತಿಂದಿತು ಎಂದು ಬರೆಯುವುದು. ಮೀನೆಣ್ಣೆಯ ಆಹಾರವನ್ನಂತೂ ದಿನದಿನ ಹೊಸದಾಗಿ ಹಾಕಬೇಕು, ಇಲ್ಲದಿದ್ದರೆ ಕಮಟು ವಾಸನೆ ಹೊಡೆದು ಇಲಿಗಳು ಮೂಸಿಯೂ ನೋಡುವುದಿಲ್ಲ. ಆ ಇಲಿಗಳಿಗೆ ಹಬ್ಬವಿಲ್ಲ, ಉಪವಾಸವಿಲ್ಲ, ಮದುವೆ ಮನೆಯ ಜಿಲೇಬಿಯಿಲ್ಲ. ಹುಟ್ಟಿದ ಲಾಗಾಯ್ತು ಒಂದೇ ಊಟ, ಒಂದೇ ವಂಶ, ಒಂದೇ ವಿಷ. ಉತ್ತರ ಅಷ್ಟು ಸ್ಪಷ್ಟವಾಗಿ ಬರುವುದೂ ಅದಕ್ಕೇ.

ಎಣ್ಣೆ ಕರುಳಿಗೆ ಏನು ಮಾಡುತ್ತದೆ ಎಂಬುದಕ್ಕೂ ಇಲಿಗಳೇ ದಾರಿ ತೋರಿಸಿದವು. ಕೊಬ್ಬು ಹೆಚ್ಚು ತಿಂದರೆ ಅದನ್ನು ಜೀರ್ಣಿಸಲು ಪಿತ್ತರಸ ಹೆಚ್ಚು ಬೇಕು. ದೊಡ್ಡ ಕರುಳಿಗೆ ಇಳಿದ ಪಿತ್ತಾಮ್ಲಗಳನ್ನು ಬ್ಯಾಕ್ಟೀರಿಯಾಗಳು ಬದಲಿಸುತ್ತವೆ; ಬದಲಾದವು ಕರುಳಿನ ಒಳಪದರವನ್ನು ಕೆರಳಿಸುತ್ತವೆ. 1974ರಲ್ಲಿ ನರಿಸಾವಾ ಎಂಬ ಜಪಾನೀ ವೈದ್ಯರು ವಿಂಡರ್ ತಂಡದೊಡನೆ ಇದನ್ನು ಇಲಿಗಳಲ್ಲಿ ತೋರಿಸಿದರು. ಇನ್ನೊಂದು ದಾರಿ ಪ್ರೋಸ್ಟಗ್ಲಾಂಡಿನ್‌ಗಳದು. ಒಮೇಗಾ-6ರಿಂದ ದೇಹ ಮಾಡಿಕೊಳ್ಳುವ ಇವು ಉರಿಯೂತಕ್ಕೂ ಕಣಗಳ ಬೆಳವಣಿಗೆಗೂ ಕುಮ್ಮಕ್ಕು ಕೊಡುತ್ತವೆ. ಒಮೇಗಾ-3 ಅದೇ ಕಿಣ್ವಕ್ಕೆ ಪೈಪೋಟಿ ಮಾಡಿ ಆ ತಯಾರಿಯನ್ನು ತಗ್ಗಿಸುತ್ತದೆ. ಆಸ್ಪಿರಿನ್ ಕೆಲಸ ಮಾಡುವುದೂ ಆ ಕಿಣ್ವದ ಮೇಲೇ. ಟೆಕ್ಸಾಸಿನಲ್ಲಿ ಜೋಆನ್ ಲಪ್ಟನ್ ಮತ್ತು ರಾಬರ್ಟ್ ಚಾಪ್ಕಿನ್ 1990ರ ದಶಕದ ಕೊನೆಯಲ್ಲಿ ಇದಕ್ಕೆ ಮತ್ತೊಂದು ಮಾತು ಸೇರಿಸಿದರು: ಮೀನೆಣ್ಣೆ ತಿಂದ ಇಲಿಗಳಲ್ಲಿ ಕಣಗಳ ಹುಟ್ಟು ಕಡಿಮೆಯಾಗಿರಲಿಲ್ಲ, ಕೆಟ್ಟ ಕಣಗಳು ತಾವಾಗಿ ಸಾಯುವುದು ಹೆಚ್ಚಾಗಿತ್ತು.

ಏಳೆಂಟು ತಿಂಗಳು ಕಾಯುವ ಕಷ್ಟವನ್ನು ಕಡಿಮೆ ಮಾಡಿದವರು ಕೆನಡಾದಲ್ಲಿದ್ದ ರಂಜನಾ ಬರ್ಡ್. 1987ರಲ್ಲಿ ಅವರು ಹೇಳಿದ ಉಪಾಯ ತೀರ ಸರಳ. ಇಲಿಯ ದೊಡ್ಡ ಕರುಳನ್ನು ಉದ್ದಕ್ಕೆ ಸೀಳಿ, ಚಪ್ಪಟೆಯಾಗಿ ಹರಡಿ, ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಒಳಪದರದ ಸಣ್ಣ ಸಣ್ಣ ಗುಳಿಗಳಲ್ಲಿ ಕೆಟ್ಟಿರುವವು ದೊಡ್ಡದಾಗಿ, ಗಾಢ ನೀಲಿಯಾಗಿ, ಗುಂಪುಗುಂಪಾಗಿ ಕಾಣುತ್ತವೆ. ಗೆಡ್ಡೆ ಏಳುವ ಎಷ್ಟೋ ಮೊದಲೇ, ಕೆಲವು ವಾರಗಳಲ್ಲೇ ಎಣಿಸಬಹುದು. ಅಷ್ಟು ದುಡ್ಡಿಲ್ಲದ ಪ್ರಯೋಗಾಲಯಗಳಿಗೂ ಇದರಿಂದ ಬಾಗಿಲು ತೆರೆಯಿತು.

ಚಟ್ನಿ ಡಬ್ಬಿಯ ಅಗಸೆ ಈ ಕಥೆಗೆ ಬರುವುದು ಇಲ್ಲೇ. ಟೊರಾಂಟೊದ ಲಿಲಿಯನ್ ಥಾಂಪ್ಸನ್ ಮತ್ತು ಅವರ ವಿದ್ಯಾರ್ಥಿಗಳು 1992 ಮತ್ತು 1996ರ ಲೇಖನಗಳಲ್ಲಿ, ಅಗಸೆ ತಿಂದ ಇಲಿಗಳಲ್ಲಿ ಈ ಕೆಟ್ಟ ಗುಳಿಗಳು ಕಡಿಮೆ ಎಂದು ತೋರಿಸಿದರು. ಎಣ್ಣೆಯ ಜೊತೆ ಅಗಸೆಯ ಲಿಗ್ನಾನ್ ಎಂಬ ಅಂಶಕ್ಕೂ ಅವರು ಪಾಲು ಕೊಟ್ಟರು. ಜಪಾನಿನಲ್ಲಿ ನರಿಸಾವಾ 1991ರಲ್ಲಿ ಪೆರಿಲ್ಲಾ ಎಂಬ ಬೀಜದ ಎಣ್ಣೆಯಿಂದ ಇದೇ ಬಗೆಯ ಫಲ ಕಂಡಿದ್ದರು. ಅದರಲ್ಲೂ ಅಗಸೆಯ ಒಮೇಗಾ-3 ಇದೆ. ಹಾಗಾಗಿ ಚೀಟಿ ಬರೆದ ಗೆಳತಿ ಸುಳ್ಳು ಹೇಳಿರಲಿಲ್ಲ. 'ಇಲಿಗಳಲ್ಲಿ' ಎಂಬ ಒಂದು ಪದವನ್ನು ಚೀಟಿಯವರೆಗೆ ಯಾರೂ ತಲುಪಿಸಿರಲಿಲ್ಲ, ಅಷ್ಟೆ.

ನಮ್ಮ ಮುಂಬಯಿಗೂ ಇದರಲ್ಲಿ ಒಂದು ಸಣ್ಣ ಪಾತ್ರವಿದೆ. ಪಶ್ಚಿಮ ರೈಲ್ವೆಯ ವೈದ್ಯರಾಗಿದ್ದ ಡಾ. ಎಸ್. ಎಲ್. ಮಲ್ಹೋತ್ರಾ ರೈಲ್ವೆ ನೌಕರರ ಕಾಯಿಲೆಗಳ ದಾಖಲೆ ಹಿಡಿದು, ಉತ್ತರದವರಿಗೂ ದಕ್ಷಿಣದವರಿಗೂ ಇರುವ ವ್ಯತ್ಯಾಸವನ್ನು 1960ರ ದಶಕದಿಂದಲೇ ಬರೆಯುತ್ತಿದ್ದರು. 1977ರಲ್ಲಿ ಅವರು ಪಂಜಾಬಿಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ತೀರ ಕಡಿಮೆ ಇರುವುದಕ್ಕೆ ನಾರು ಹೆಚ್ಚಿರುವ ಊಟ ಮತ್ತು ಹುಳಿ ಬಂದ ಹಾಲಿನ ಪದಾರ್ಥಗಳ ಗಿಡ್ಡ ಸರಪಳಿಯ ಕೊಬ್ಬಿನ ಆಮ್ಲಗಳು ಕಾರಣವಿರಬಹುದು ಎಂದರು. ಅದು ಊಹೆ; ಊಹೆಗಳಿಗೆಂದೇ ಇರುವ ಪತ್ರಿಕೆಯಲ್ಲಿ ಬಂದದ್ದು. ಆದರೆ ಗಿಡ್ಡ ಸರಪಳಿಯಲ್ಲಿ ಒಂದಾದ ಬ್ಯುಟಿರಿಕ್ ಆಮ್ಲ, ಬೆಣ್ಣೆಯಿಂದ ಹೆಸರು ಪಡೆದದ್ದು, ದೊಡ್ಡ ಕರುಳಿನ ಕಣಗಳಿಗೆ ಮುಖ್ಯ ಇಂಧನ ಎಂದು 1980ರಲ್ಲಿ ವಿಲಿಯಮ್ ರೋಡಿಗರ್ ತೋರಿಸಿದರು. ಅದು ಬಹುಪಾಲು ಬರುವುದು ಬೆಣ್ಣೆಯಿಂದಲ್ಲ; ನಾವು ತಿಂದ ನಾರನ್ನು ಬ್ಯಾಕ್ಟೀರಿಯಾಗಳು ಕರುಳಿನಲ್ಲೇ ಹುದುಗಿಸಿದಾಗ. ಗೋಧಿಯ ತೌಡು ತಿನ್ನಿಸಿ ಕರುಳಿನ ಕೊನೆಯಲ್ಲಿ ಬ್ಯುಟಿರಿಕ್ ಆಮ್ಲ ಹೆಚ್ಚಿಸಿದಾಗ ಇಲಿಗಳಲ್ಲಿ ಗೆಡ್ಡೆ ಕಡಿಮೆಯಾಯಿತು. ಅದೇ ಆಮ್ಲವನ್ನು ಕುಡಿಯುವ ನೀರಿನಲ್ಲಿ ಬೆರೆಸಿ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ ಗೆಡ್ಡೆ ಹೆಚ್ಚಾಯಿತು!

ಇಂಥ ಉಲ್ಟಾ ಫಲಗಳನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಅವು ಸಂದೇಶಗಳಲ್ಲಿ ಬರುವುದಿಲ್ಲ. 2010ರಲ್ಲಿ ಮಿಷಿಗನ್ನಿನಲ್ಲಿ, ಹುಟ್ಟಿನಿಂದಲೇ ಕರುಳಿನ ಉರಿಯೂತಕ್ಕೆ ಒಲಿದ ಚಿಕ್ಕ ಇಲಿಗಳಿಗೆ ಡಿಎಚ್‌ಎ ಹೆಚ್ಚಿದ್ದ ಮೀನೆಣ್ಣೆ ಕೊಟ್ಟಾಗ ಉರಿಯೂತವೂ ಕ್ಯಾನ್ಸರೂ ಹೆಚ್ಚಾದವು. ಒಂದೇ ಎಣ್ಣೆ, ಬೇರೆ ಇಲಿ.

ಈಗ ನನ್ನ ಅತ್ತಿಗೆಯ ವಿಷಯ. ಅಣ್ಣನ ಹೆಂಡತಿ, ಡೊಂಬಿವಲಿಯಲ್ಲಿದ್ದಾರೆ. ಜೀವನದಲ್ಲಿ ಮಾಂಸ ಮುಟ್ಟಿದವರಲ್ಲ. ಆರೇಳು ವರ್ಷದ ಹಿಂದೆ ಮಲದಲ್ಲಿ ರಕ್ತ ಕಾಣಿಸಿಕೊಂಡಿತು. ಮೂಲವ್ಯಾಧಿ ಇರಬೇಕು ಎಂದುಕೊಂಡರು, ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಯಾರೋ ಕಳಿಸಿದ ಸಂದೇಶ ಓದಿ ದಿನಾ ಬೆಳಿಗ್ಗೆ ಎರಡು ಚಮಚ ಅಗಸೆ ಎಣ್ಣೆ ಕುಡಿಯತೊಡಗಿದರು. ಎಂಟು ತಿಂಗಳು. ಆಮೇಲೆ ಸುಸ್ತು, ಮೆಟ್ಟಿಲು ಹತ್ತಲಾರದಷ್ಟು ರಕ್ತಹೀನತೆ. ಕೊಲೊನೊಸ್ಕೋಪಿಯಲ್ಲಿ ಗೆಡ್ಡೆ ಸಿಕ್ಕಿತು. ಆಪರೇಷನ್, ಕಿಮೋ ಎಲ್ಲ ಆಗಿ ಈಗ ಚೆನ್ನಾಗಿದ್ದಾರೆ. ಆದರೆ ಎಂಟು ತಿಂಗಳು ಮೊದಲೇ ಹೋಗಿದ್ದರೆ ಇಷ್ಟೊಂದು ಬೇಕಾಗುತ್ತಿರಲಿಲ್ಲವೇನೋ ಎಂದು ಡಾಕ್ಟರು ಹೇಳಿದ್ದು ಅಣ್ಣನ ತಲೆಯಿಂದ ಇನ್ನೂ ಹೋಗಿಲ್ಲ. ಎಣ್ಣೆ ಅತ್ತಿಗೆಗೆ ಕೆಡುಕು ಮಾಡಲಿಲ್ಲ. ಎಣ್ಣೆ ಕುಡಿಯುತ್ತಿದ್ದೇನಲ್ಲ ಎಂಬ ಧೈರ್ಯ ಮಾಡಿತು. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಶೌಚದ ಅಭ್ಯಾಸ, ಕಾರಣವಿಲ್ಲದ ರಕ್ತಹೀನತೆ – ಇವುಗಳಲ್ಲಿ ಒಂದಿದ್ದರೂ ಗೆಳತಿಯರೇ, ಇಲಿಗಳ ಉತ್ತರಕ್ಕೆ ಕಾಯಬೇಡಿ, ಡಾಕ್ಟರ ಬಳಿ ಹೋಗಿ.

ಮನುಷ್ಯರಲ್ಲಿ ನೋಡಿದ್ದಾರೆಯೇ? ನೋಡಿದ್ದಾರೆ. ವಂಶಪಾರಂಪರ್ಯವಾಗಿ ಕರುಳಿನಲ್ಲಿ ನೂರಾರು ಪಾಲಿಪ್ ಬರುವವರಿಗೆ ಇಂಗ್ಲೆಂಡಿನ ಮಾರ್ಕ್ ಹಲ್ ಮತ್ತು ಸಂಗಡಿಗರು ದಿನಕ್ಕೆ 2 ಗ್ರಾಂ ಇಪಿಎ ಆರು ತಿಂಗಳು ಕೊಟ್ಟಾಗ, ಹುಸಿ ಮಾತ್ರೆ ನುಂಗಿದವರಿಗಿಂತ (ಇಲ್ಲಿ 'ಗಿಂತ' ಇದೆ, ಗಮನಿಸಿ) ಪಾಲಿಪ್‌ಗಳ ಸಂಖ್ಯೆ ಶೇ. 22ರಷ್ಟು ಕಡಿಮೆ ಇತ್ತು. 2010ರ ಆ ಫಲ ಎಲ್ಲರಲ್ಲೂ ಆಸೆ ಹುಟ್ಟಿಸಿತು. ಅದೇ ತಂಡ ಸಾಮಾನ್ಯ ಪಾಲಿಪ್ ಇದ್ದ 709 ಜನರಲ್ಲಿ ಇಪಿಎ ಮತ್ತು ಆಸ್ಪಿರಿನ್ ಪರೀಕ್ಷಿಸಿ 2018ರಲ್ಲಿ ವರದಿ ಮಾಡಿತು. ವರ್ಷದ ಕೊನೆಗೆ ಹೊಸ ಪಾಲಿಪ್ ಬಂದವರ ಪಾಲು ಕಡಿಮೆಯಾಗಿರಲಿಲ್ಲ. ಕೆಲವು ಬಗೆಯ ಪಾಲಿಪ್‌ಗಳ ಎಣಿಕೆಯಲ್ಲಿ ಮಾತ್ರ ಸ್ವಲ್ಪ ಇಳಿತ. ಅದೇ ವರ್ಷ ಅಮೆರಿಕದಲ್ಲಿ ಜೋಆನ್ ಮ್ಯಾನ್ಸನ್ ನಡೆಸಿದ 25,871 ಜನರ ಪರೀಕ್ಷೆಯ ಫಲ ಪ್ರಕಟವಾಯಿತು. ದಿನಕ್ಕೊಂದು ಒಂದು ಗ್ರಾಮಿನ ಒಮೇಗಾ-3 ಕ್ಯಾಪ್ಸೂಲಿನಿಂದ ಒಟ್ಟಾರೆ ಕ್ಯಾನ್ಸರ್ ಕಡಿಮೆಯಾಗಲಿಲ್ಲ.

ಎಣ್ಣೆಯ ಬಗೆಯನ್ನಲ್ಲ, ಒಟ್ಟು ಕೊಬ್ಬನ್ನೇ ಕಡಿಮೆ ಮಾಡಿದರೆ ಏನಾಗುತ್ತದೆ ಎಂದು ಕೇಳಿದ ಅತಿ ದೊಡ್ಡ ಪ್ರಯೋಗ ಇದಕ್ಕೂ ಮೊದಲಿನದು, ಮತ್ತು ಅದು ಪೂರ್ತಿಯಾಗಿ ಹೆಂಗಸರದ್ದು. ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂದು ಹೆಸರು. ಮುಟ್ಟು ನಿಂತ, 50ರಿಂದ 79 ವಯಸ್ಸಿನ 48,835 ಅಮೆರಿಕನ್ ಹೆಂಗಸರು. ಅವರಲ್ಲಿ ಶೇ. 40 ಮಂದಿ ಕ್ಯಾಲರಿಯ ಶೇ. 20ಕ್ಕೆ ಕೊಬ್ಬನ್ನು ಇಳಿಸಿ, ತರಕಾರಿ, ಹಣ್ಣು, ಧಾನ್ಯ ಹೆಚ್ಚು ತಿನ್ನಬೇಕು, ಉಳಿದವರು ಎಂದಿನಂತೆ. ಮೊದಲ ವರ್ಷ 18 ಸಭೆಗಳು, ಆಮೇಲೆ ಮೂರು ತಿಂಗಳಿಗೊಂದು. ಅಡುಗೆ ಬದಲಿಸುವುದು ಎಷ್ಟು ಕಷ್ಟವೆಂದು ನಮಗೆ ಹೇಳಿಕೊಡಬೇಕೇ? ಇಲಿಗೆ ಬೇರೆ ಆಯ್ಕೆಯಿಲ್ಲ, ಇವರಿಗೆ ಗಂಡ, ಮಕ್ಕಳು, ಹಬ್ಬ, ಹೋಟೆಲು ಎಲ್ಲ ಇತ್ತು. ಶೇ. 20ರ ಗುರಿಯನ್ನು ಹೆಚ್ಚಿನವರು ಮುಟ್ಟಲಿಲ್ಲ. ಆದರೂ ಇನ್ನೊಂದು ಗುಂಪಿಗಿಂತ ಕಡಿಮೆ ಕೊಬ್ಬನ್ನೇ ವರ್ಷಗಟ್ಟಲೆ ತಿಂದರು. ಸರಾಸರಿ 8.1 ವರ್ಷಗಳ ಮೇಲೆ, 2006ರಲ್ಲಿ, ಷರ್ಲಿ ಬೆರೆಸ್‌ಫರ್ಡ್ ಮತ್ತು ಸಹೋದ್ಯೋಗಿಗಳು ಫಲಿತಾಂಶ ಪ್ರಕಟಿಸಿದರು: ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿಲ್ಲ. ಎಂಟು ವರ್ಷ ಸಾಲದು ಎಂದರು ಕೆಲವರು, ಕೊಬ್ಬು ಸಾಕಷ್ಟು ಇಳಿಯಲಿಲ್ಲ ಎಂದರು ಇನ್ನು ಕೆಲವರು, ಮಧ್ಯವಯಸ್ಸಿನ ಮೇಲೆ ಶುರು ಮಾಡಿದ್ದೇ ತಡವಾಯಿತು ಎಂದರು ಮತ್ತೆ ಕೆಲವರು. ಪ್ರಯೋಗ ಮುಗಿದ ಮೇಲೂ ಆ ಹೆಂಗಸರಲ್ಲಿ ಬಹಳಷ್ಟು ಮಂದಿ ವರ್ಷ ವರ್ಷ ತಮ್ಮ ಆರೋಗ್ಯದ ಫಾರಂ ತುಂಬಿ ಕಳಿಸಲು ಒಪ್ಪಿಕೊಂಡರು.